ಸ್ಟಾಕ್‌ಫಿಶ್‌ನ 3600, ಕಾರ್ಲ್‌ಸನ್‌ನ 2882: ಎರಡೂ ಒಂದೇ ತಕ್ಕಡಿಯ ತೂಕವೇ?

ಪ್ರಶ್ನೆ: ಚೆಸ್ ಆಟಗಾರ ಮ್ಯಾಗ್ನಸ್ ಕಾರ್ಲ್‌ಸನ್ ಮುಟ್ಟಿದ ಗರಿಷ್ಠ ರೇಟಿಂಗ್ 2882. ಚೆಸ್ ಆಡುವ ಪ್ರೋಗ್ರಾಂ ಸ್ಟಾಕ್‌ಫಿಶ್‌ಗೆ 3600ರ ಆಸುಪಾಸು ಎನ್ನುತ್ತಾರೆ. ಮನುಷ್ಯರ ಟೂರ್ನಿಗಳಲ್ಲಿ ಆಡದ ಯಂತ್ರಕ್ಕೆ ಈ ಅಂಕಿ ಎಲ್ಲಿಂದ ಬಂತು?

ಉತ್ತರ: ಬೇರೆ ಯಂತ್ರಗಳ ಜೊತೆ ಆಡಿ ಬಂದದ್ದು. ಹಾಗಾಗಿ ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆಯುವಂತಿಲ್ಲ.

ಅರ್ಪಾಡ್ ಎಲೋ ರೂಪಿಸಿದ, 1970ರಲ್ಲಿ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಒಪ್ಪಿಕೊಂಡ ಈ ರೇಟಿಂಗ್ ಪದ್ಧತಿಯಲ್ಲಿ ಒಂಟಿ ಅಂಕಿ ಏನನ್ನೂ ಹೇಳುವುದಿಲ್ಲ. ಹೇಳುವುದು ಅಂತರ. ಎದುರಾಳಿಗಿಂತ 200 ಅಂಕ ಮೇಲಿರುವವರು ನೂರು ಆಟಗಳಲ್ಲಿ ಸುಮಾರು 76 ಪಾಯಿಂಟ್ (ಗೆಲುವಿಗೆ ಒಂದು, ಡ್ರಾಗೆ ಅರ್ಧ) ಗಳಿಸಬೇಕು. 400 ಮೇಲಿದ್ದರೆ 91. ಈ ಲೆಕ್ಕ ಕೂಡಿಬರಬೇಕಾದರೆ ಇಬ್ಬರೂ ಒಂದೇ ಬಳಗದೊಳಗೆ ಆಡಿರಬೇಕು.

ಮೊದಲು ಮನುಷ್ಯರ ಬಳಗ, ಯಂತ್ರಗಳ ಬಳಗ ಎರಡರ ನಡುವೆ ಕೊಂಡಿ ಇತ್ತು. 1967ರಲ್ಲೇ ಮ್ಯಾಕ್ ಹ್ಯಾಕ್ ಎಂಬ ಪ್ರೋಗ್ರಾಂ ಅಮೆರಿಕದಲ್ಲಿ ಮನುಷ್ಯರ ಟೂರ್ನಿಗೆ ಇಳಿದಿತ್ತು. ಸ್ವೀಡನ್ನಿನ ಚೆಸ್ ಕಂಪ್ಯೂಟರ್ ಸಂಘವೂ ಯಂತ್ರಗಳ ರೇಟಿಂಗ್ ಪಟ್ಟಿಯನ್ನು ಅಲ್ಲಿನ ಆಟಗಾರರ ಎದುರಿನ ಆಟಗಳಿಗೆ ಕಟ್ಟಿ ನಿಲ್ಲಿಸಿತ್ತು. 2000ದಲ್ಲಿ ಆ ಸಂಘ ಇಡೀ ಪಟ್ಟಿಯನ್ನು 100 ಅಂಕ ಕೆಳಗಿಳಿಸಿತು. ಯಂತ್ರಗಳ ಬಲ ಒಂದಿಷ್ಟೂ ಕುಗ್ಗಿರಲಿಲ್ಲ, ಸರಿದದ್ದು ಗೂಟ ಮಾತ್ರ.

ನೇರ ಪಂದ್ಯ ಆಡಿಸಿದರಾಯಿತಲ್ಲ ಎನ್ನಬಹುದು. 2005ರಲ್ಲಿ ಲಂಡನ್ನಿನಲ್ಲಿ ಹೈಡ್ರಾ ಯಂತ್ರ ಗ್ರ್ಯಾಂಡ್‌ಮಾಸ್ಟರ್ ಮೈಕೆಲ್ ಆಡಮ್ಸ್ ಅವರನ್ನು 5.5–0.5ರಿಂದ ಸೋಲಿಸಿತು. ಸೂತ್ರಕ್ಕೆ ಹಾಕಿದರೆ ಅಂತರ ಸುಮಾರು 416. ಆಡಮ್ಸ್ ಇನ್ನೊಂದೇ ಒಂದು ಡ್ರಾ ಹಿಡಿದಿದ್ದರೆ? ಅದು ಸುಮಾರು 280ಕ್ಕೆ ಇಳಿಯುತ್ತಿತ್ತು. ಆರಕ್ಕೆ ಆರೂ ಸೋತಿದ್ದರೆ ಸೂತ್ರ ಅನಂತ ಎನ್ನುತ್ತಿತ್ತು! ಅರ್ಧ ಪಾಯಿಂಟಿಗೆ ನೂರಕ್ಕೂ ಹೆಚ್ಚು ಅಂಕ ಅತ್ತಿತ್ತ ಹಾರುವಾಗ, ಆರು ಆಟ ನೋಡಿ ಬಲ ಅಳೆದೆವು ಎನ್ನುವುದನ್ನು ನಾನು ಒಪ್ಪಲಾರೆ. 1997ರಲ್ಲಿ ಐಬಿಎಂನ ಕಂಪ್ಯೂಟರ್ ಡೀಪ್ ಬ್ಲೂ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು 3.5–2.5ರಿಂದ ಮಣಿಸಿದ್ದೂ ಆರೇ ಆಟಗಳಲ್ಲಿ. ಗೆಲುವು ದಿಟ, ಅದರಿಂದ ರೇಟಿಂಗ್ ಹೊರಡಿಸುವುದು ಬೇರೆ ಮಾತು. ಜೊತೆಗೆ ಯಂತ್ರಾಂಶ, ಗಡಿಯಾರದ ಸಮಯ ಬದಲಾದರೆ ಅದೇ ಪ್ರೋಗ್ರಾಂನ ಬಲವೂ ಬದಲಾಗುತ್ತದೆ.

ಯಾರು ಮೇಲು ಎಂಬ ಅನುಮಾನವಂತೂ ಉಳಿದಿಲ್ಲ. 2009ರಲ್ಲಿ ಬ್ಯೂನಸ್ ಐರಿಸ್‌ನ ಟೂರ್ನಿಯೊಂದರಲ್ಲಿ ಮೊಬೈಲ್ ಫೋನಿನಲ್ಲಿ ಓಡುತ್ತಿದ್ದ ಪಾಕೆಟ್ ಫ್ರಿಟ್ಜ್ 4, ಹತ್ತು ಆಟಗಳಲ್ಲಿ 9.5 ಪಾಯಿಂಟ್ ಬಾಚಿತು. ಎಷ್ಟು ಮೇಲು ಎಂದು ತಿಳಿಯಲು ನನಗೆ ಹೆಚ್ಚು ನಂಬಿಕೆ ಇರುವುದು, ಬಲಶಾಲಿ ಎದುರಾಳಿಗೆ ಒಂದಿಷ್ಟು ಬಿಟ್ಟುಕೊಟ್ಟು ಆಡುವ ಹಳೆಯ ಕ್ರಮದಲ್ಲಿ. 2016ರಲ್ಲಿ ಕೊಮೊಡೊ ಎಂಬ ಪ್ರೋಗ್ರಾಂ ಹೀಗೆಯೇ ಗ್ರ್ಯಾಂಡ್‌ಮಾಸ್ಟರ್ ಹಿಕಾರು ನಕಮುರಾ ಅವರಿಗೆ ಕಾಲಾಳು, ಮೊದಲ ನಡೆಗಳಂಥ ರಿಯಾಯಿತಿ ಕೊಟ್ಟು ನಾಲ್ಕು ಆಟ ಆಡಿತು. ಮೂರು ಡ್ರಾ, ಕೊನೆಯದು ಕೊಮೊಡೊಗೆ.