ನಾಯಿಗೂಡಿಗೆ ಕೋಳಿ ಬಂದರೆ

ಮುಧೋಳ ನಾಯಿ ಸಾಕುವವರ ಹತ್ತಿರ ಹಳೆಯ ಮರದ ಗೂಡೊಂದು ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ. ಭುಜದ ಮಟ್ಟಕ್ಕೇ ಎರಡಡಿ ದಾಟುವ ನಾಯಿ ಅದು. ಗೂಡು 3 ಅಡಿ ಅಗಲ, 4 ಅಡಿ ಉದ್ದ ಇದ್ದರೆ ಮೂರು ಜವಾರಿ ಕೋಳಿಗೆ ಧಾರಾಳ. ಹಾಗಂತ ಸುಮ್ನೆ ಕೋಳಿ ಬಿಟ್ಟು ಬಾಗಿಲು ಹಾಕಿದರೆ ಆಗುವುದಿಲ್ಲ. ನಾಯಿ ನೆಲದ ಮೇಲೆ ಮುದುಡಿ ಮಲಗುತ್ತದೆ. ಕೋಳಿ ಕತ್ತಲಾದರೆ ಮೇಲೇರಿ ಕೂರುತ್ತದೆ. ನಾಯಿಗೂಡಿನಲ್ಲಿ ಗಾಳಿ ಬರುವುದು ಕೆಳಗಿನ ಬಾಗಿಲಿಂದ ಮಾತ್ರ. ಕೋಳಿಗೆ ಗಾಳಿ ಬೇಕಾದದ್ದು ಮಾಡಿನ ಕೆಳಗೆ.

ಕಾರಣ ಹಿಕ್ಕೆಯಲ್ಲಿದೆ. ಕೋಳಿಗೆ ಉಚ್ಚೆ ಬೇರೆ ಇಲ್ಲ. ಹಿಕ್ಕೆಯ ಮೇಲೆ ಬೆಳ್ಳಗೆ ಕಾಣುವುದೇ ಯೂರಿಕ್ ಆಮ್ಲ. ಹಸಿ ಇದ್ದಷ್ಟು ಹೊತ್ತು ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಅದು ಬಿಸಿ ಗಾಳಿಯ ಜೊತೆ ಮೇಲೇರಿ, ಕೋಳಿ ಕೂತಲ್ಲೇ ತುಂಬಿಕೊಳ್ಳುತ್ತದೆ. ಕೋಳಿಯ ಶ್ವಾಸಕೋಶಕ್ಕೆ ಒಂಬತ್ತು ಗಾಳಿಚೀಲಗಳ ಜೋಡಣೆ ಇದೆ. ಗಾಳಿ ಅದರಲ್ಲಿ ಒಂದೇ ದಿಕ್ಕಿಗೆ ಹರಿಯುತ್ತದೆ. ಆಮ್ಲಜನಕ ಹೀರುವುದರಲ್ಲಿ ನಮಗಿಂತ ಜಾಣ ವ್ಯವಸ್ಥೆ, ಆದರೆ ಕೆಟ್ಟ ಗಾಳಿಯನ್ನೂ ಅಷ್ಟೇ ಒಳಗೆ ಎಳೆಯುತ್ತದೆ. ಬೆಳಿಗ್ಗೆ ಗೂಡಿನೊಳಗೆ ತಲೆ ಹಾಕಿ ನೋಡಿ. ಕಣ್ಣು ಚುರುಗುಟ್ಟಿದರೆ ಮಾಡಿನ ಕೆಳಗೆ ಎರಡೂ ಬದಿಗೆ ಉದ್ದಕ್ಕೆ ಕಿಂಡಿ ಕೊಯ್ಯಲೇಬೇಕು.

ಬಾಗಲಕೋಟೆಯ ಬೇಸಿಗೆಗೆ ಈ ಕಿಂಡಿ ಇನ್ನೂ ಜಾಸ್ತಿ ಬೇಕು. ಕೋಳಿಯ ಮೈ ಮೊದಲೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬೆವರಲು ಗ್ರಂಥಿ ಇಲ್ಲ. ಬಾಯಿ ತೆರೆದು ತೇಕುವುದು, ರೆಕ್ಕೆ ಮೈಯಿಂದ ದೂರ ಹಿಡಿಯುವುದು, ಇಷ್ಟೇ ಅದರ ಉಪಾಯ. ಏಪ್ರಿಲ್‌ನಲ್ಲಿ ಹೊರಗೇ 40 ಇರುವಾಗ ತಗಡಿನ ಮಾಡಿನ ಕೆಳಗೆ ಏನಾದೀತು? ಮೇಲೆ ಕಬ್ಬಿನ ರವದಿ ದಪ್ಪಗೆ ಹರವಿ, ಗೂಡನ್ನು ಬೇವಿನ ನೆರಳಿಗೆ ಸರಿಸಿ. ಬಣ್ಣಕ್ಕೆ ದುಡ್ಡು ಸುರಿಯುವುದಕ್ಕಿಂತ ಇದು ಎಷ್ಟೋ ವಾಸಿ.

ಕೂರಲು ಎರಡು ಇಂಚು ಅಗಲದ, ಅಂಚು ಉಜ್ಜಿ ನುಣುಪು ಮಾಡಿದ ಅಡ್ಡಪಟ್ಟಿ ಸಾಕು. ಕೋಳಿ ಕುಕ್ಕರಿಸಿದಾಗ ಕಾಲು ಮಡಚುತ್ತದೆ, ಹಿಂದಿನ ಸ್ನಾಯುರಜ್ಜು ಬಿಗಿಯಾಗುತ್ತದೆ, ಬೆರಳುಗಳು ತಾವಾಗಿಯೇ ಬಾಗುತ್ತವೆ. ನಿದ್ದೆಯಲ್ಲೂ ಬೀಳದಿರುವುದು ಹೀಗೆ. ತತ್ತಿ ಇಡುವ ಡಬ್ಬಿ ಮಾತ್ರ ಈ ಪಟ್ಟಿಗಿಂತ ಕೆಳಗಿರಲಿ. ಮೇಲಿದ್ದರೆ ಅಲ್ಲೇ ಮಲಗಿ, ಅಲ್ಲೇ ಹಿಕ್ಕೆ ಹಾಕುತ್ತವೆ.

ಹಳೆಯ ಗೂಡಾದ್ದರಿಂದ ಹಲಗೆಯ ಸಂದುಗಳನ್ನು ಅನುಮಾನಿಸಿ. ನಾಯಿಯ ಉಣ್ಣಿ ಆಹಾರವಿಲ್ಲದೆಯೂ ತಿಂಗಳುಗಟ್ಟಲೆ ಅಲ್ಲಿ ಬದುಕುತ್ತದೆ. ಕೋಳಿಯ ಉಣ್ಣಿಗೂ ಅಂಥ ಸಂದೇ ಇಷ್ಟ. ಅದು ಹಗಲೆಲ್ಲ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ. ಕುದಿಯುವ ನೀರು ಹೊಯ್ದು, ಬಿಸಿಲಿಗೆ ಒಣಗಿಸಿ, ಸಂದು ಮುಚ್ಚುವ ಹಾಗೆ ಗಟ್ಟಿಯಾಗಿ ಸುಣ್ಣ ಬಳಿಯಿರಿ.

ಕಿಂಡಿಗೆ ಯಾವ ಜಾಳಿಗೆ? ಅಂಗಡಿಯಲ್ಲಿ ಕೊಡುವ ಆರು ಮೂಲೆಯ ತೆಳು ತಂತಿಯದು ಕೋಳಿಯನ್ನು ಒಳಗೆ ಇಡುತ್ತದೆ, ಅಷ್ಟೇ. ಮುಂಗುಸಿಯನ್ನು ಹೊರಗಿಡಲು ಅರ್ಧ ಇಂಚಿನ ಬೆಸುಗೆ ಜಾಳಿಗೆಯೇ ಬೇಕು. ಮೊಳೆ ಹೊಡೆದು ಬಿಡಬೇಡಿ, ಮೇಲೊಂದು ಮರದ ಪಟ್ಟಿ ಇಟ್ಟು ಸ್ಕ್ರೂ ಹಾಕಿ.