ಕೊಯ್ಲಿನ ದಿನ ಯಾರ ಕೈಯಲ್ಲಿ?

ನಾಲ್ಕೈದು ಎಕರೆ ದ್ರಾಕ್ಷಿ ತೋಟವಿರುವ ಕುಟುಂಬಗಳು ವೈನ್ ಮಾಡುವ ಆಸೆ ಹೊತ್ತು ನನ್ನ ಬಳಿ ಸಲಹೆಗೆ ಬಂದಾಗ ಮೊದಲು ಕೇಳುವುದು ಸಲಕರಣೆಗಳ ಬಗ್ಗೆ. ಯಾವ ಟ್ಯಾಂಕ್ ಕೊಳ್ಳಬೇಕು, ಪೀಪಾಯಿಯನ್ನು ಫ್ರಾನ್ಸಿನಿಂದಲೇ ತರಿಸಬೇಕೇ, ಯೀಸ್ಟ್ ಎಲ್ಲಿ ಸಿಗುತ್ತದೆ ಎಂದೆಲ್ಲ. ಇವು ದುಡ್ಡಿದ್ದರೆ ಯಾರಿಗಾದರೂ ಸಿಗುವ ವಸ್ತುಗಳು. ದೊಡ್ಡ ವೈನರಿಗೆ ಸುಲಭವಾಗಿ ಒದಗದೆ ಸಣ್ಣ ಕುಟುಂಬಕ್ಕೆ ಮಾತ್ರ ಒದಗುವುದು ಬೇರೆಯೇ ಇದೆ: ಯಾವ ಸಾಲನ್ನು ಯಾವ ದಿನ ಕೊಯ್ಯಬೇಕೆಂದು ತಾನೇ ತೀರ್ಮಾನಿಸುವ ಹಕ್ಕು.

ಒಪ್ಪಂದದ ಮೇಲೆ ವೈನರಿಗೆ ಹಣ್ಣು ಕೊಡುವ ರೈತನಿಗೆ ಟನ್ನಿನ ಲೆಕ್ಕದಲ್ಲಿ ಹಣ ಬರುತ್ತದೆ. ಸಕ್ಕರೆಯ ಮಟ್ಟ ಮುಟ್ಟಿತೆಂದರೆ ಅವನಿಗೆ ಕಾಯುವ ಕಾರಣವಿಲ್ಲ. ಒಂದು ವಾರ ಕಾದರೆ ಹಣ್ಣು ಬಾಡಿ ತೂಕ ಇಳಿಯುತ್ತದೆ, ಹಕ್ಕಿಗಳು ತಿನ್ನುತ್ತವೆ, ಅಕಾಲ ಮಳೆ ಬಂದರೆ ಎಲ್ಲವೂ ಹೋಯಿತು. ಅತ್ತ ವೈನರಿಯಲ್ಲೂ ಖಾಲಿಯಾದ ಟ್ಯಾಂಕಿಗೆ ಹೊಂದುವಂತೆ ಲಾರಿಗಳು ಬರಬೇಕು. ಇಬ್ಬರದೂ ನ್ಯಾಯವೇ. ಆದರೆ ಹಣ್ಣಿನ ಹದವನ್ನು ಕೇಳುವವರು ಅಲ್ಲಿ ಯಾರೂ ಇರುವುದಿಲ್ಲ.

ನಮ್ಮ ನೆಲದಲ್ಲಿ ಈ ತೀರ್ಮಾನ ಕೊಯ್ಲಿಗಿಂತ ತಿಂಗಳುಗಳ ಮೊದಲೇ ಶುರುವಾಗುತ್ತದೆ. ಫ್ರಾನ್ಸಿನ ವೈನ್ ಸೀಮೆ ಬೋರ್ಡೋದಲ್ಲಿ ಚಳಿಗಾಲ ಬಂದು ಬಳ್ಳಿಯನ್ನು ಮಲಗಿಸುತ್ತದೆ. ಇಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ, ಅದರ ಪಂಚಾಂಗವನ್ನು ಕತ್ತರಿಯಿಂದ ನಾವೇ ಬರೆಯಬೇಕು. ಬಳ್ಳಿಯ ಕಡ್ಡಿಗಳನ್ನು ಹೀಗೆ ಕತ್ತರಿಸುವುದಕ್ಕೆ ಚಾಟನಿ ಎನ್ನುತ್ತೇವೆ. ಏಪ್ರಿಲ್ ಚಾಟನಿ ಹೊಸ ಕಡ್ಡಿ ಬೆಳೆಸುವುದಕ್ಕೆ, ಅಕ್ಟೋಬರ್ ಚಾಟನಿ ಹಣ್ಣಿಗೆ. ಕಡ್ಡಿಯ ಕಣ್ಣುಗಳು, ಎಂದರೆ ಮೊಗ್ಗುಗಳು, ಒಟ್ಟಿಗೆ ಒಡೆಯಲೆಂದು ಅವಕ್ಕೆ ಹೈಡ್ರೋಜನ್ ಸಯನಮೈಡ್ ಎಂಬ ರಾಸಾಯನಿಕ ಸವರುತ್ತೇವೆ. ಹಣ್ಣಿನ ಚಾಟನಿಯನ್ನು ಹಿಂದೆ ಮುಂದೆ ಮಾಡಿದರೆ ಕೊಯ್ಲೂ ಹಿಂದೆ ಮುಂದೆ ಸರಿಯುತ್ತದೆ. ಫ್ರಾನ್ಸಿನ ಬೆಳೆಗಾರನಿಗೆ ಇಷ್ಟು ಸಲಿಗೆ ಇಲ್ಲ. ಹಾಗೆಂದು ಮನಬಂದಂತೆ ಮಾಡುವಂತಿಲ್ಲ. ಸೆಪ್ಟೆಂಬರಿನ ಆರಂಭಕ್ಕೇ ಕತ್ತರಿಸಿದರೆ ಹೂವಿನ ಹೊತ್ತಿಗೆ ಮಳೆ ಸಿಕ್ಕಿ ಡೌನಿ ಎಂಬ ಬೂಜು ರೋಗ ಬಡಿಯುತ್ತದೆ. ತೀರಾ ತಡ ಮಾಡಿದರೆ ಹಣ್ಣು ಮಾರ್ಚ್ ಕೊನೆಯ ಬಿಸಿಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಡೌನಿ ಎಂದಾಗ ಒಂದು ಮಾತು. ಮಲೆನಾಡಿನ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದು ವೈನಿನ ತೋಟದಲ್ಲಿ. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿದಿದ್ದರು. ಅವಕ್ಕೆ ಡೌನಿ ತಗುಲದ್ದನ್ನು ಗಮನಿಸಿದ ಮಿಲ್ಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಔಷಧವಾಗಿ ಪ್ರಕಟಿಸಿದ.

ಇನ್ನು ಹದದ ವಿಷಯ. ಫೆಬ್ರವರಿ ಕೊನೆಯ ಒಂದು ಬೆಳಗ್ಗೆ, ಕ್ಯಾಬರ್ನೆ ಸೊವಿನ್ಯೋನ್ ಎಂಬ ಕೆಂಪು ವೈನಿನ ದ್ರಾಕ್ಷಿಯ ಸಾಲಿನಲ್ಲಿ, ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ರಸ ಹಿಂಡಿ ನೋಡುತ್ತೇವೆ ಎಂದುಕೊಳ್ಳಿ. 24 ಬ್ರಿಕ್ಸ್ ತೋರಿಸುತ್ತದೆ, ಎಂದರೆ ನೂರು ಗ್ರಾಂ ರಸದಲ್ಲಿ ಸುಮಾರು 24 ಗ್ರಾಂ ಸಕ್ಕರೆ. ಪುಸ್ತಕದ ಪ್ರಕಾರ ಕೊಯ್ಯಬಹುದು, ಸುಮಾರು ಶೇ. 13.5 ಮದ್ಯಸಾರ ಸಿಗುತ್ತದೆ. ಆದರೆ ಅದೇ ಹಣ್ಣನ್ನು ಬಾಯಿಗೆ ಹಾಕಿಕೊಂಡು ಬೀಜವನ್ನು ಉಗುಳಿ ಅಂಗೈಯಲ್ಲಿ ನೋಡಬೇಕು. ಬೀಜದಲ್ಲಿ ಇನ್ನೂ ಹಸಿರು ಇದ್ದರೆ, ಕಚ್ಚಿದಾಗ ಕಹಿಯಾಗಿ ಒಗರು ಒಸಡಿಗೆ ಅಂಟಿಕೊಂಡರೆ, ಆ ಒಗರು ವೈನಿಗೂ ಇಳಿಯುತ್ತದೆ. ಬೀಜ ಕಂದಾಗಿ, ಹುರಿದ ಕಡಲೆಯ ಹಾಗೆ ಕಟಕ್ಕೆಂದು ಒಡೆಯಬೇಕು. ನಮ್ಮ ಬಿಸಿಲಿನಲ್ಲಿ ಸಕ್ಕರೆ ಓಡುತ್ತದೆ, ಬೀಜ ನಡೆಯುತ್ತದೆ. ಬೀಜಕ್ಕಾಗಿ ಕಾಯುತ್ತ ಕೂತರೆ ಹುಳಿ ಇಳಿದು, ಹುಳಿ ಕಡಿಮೆಯಾದಷ್ಟೂ ಏರುವ ಅಳತೆಯಾದ ಪಿಎಚ್ 3.8 ದಾಟುತ್ತದೆ, ಬಣ್ಣ ಮಂಕಾಗಿ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಂತೆ. ಟಾರ್ಟಾರಿಕ್ ಆಮ್ಲ ಸೇರಿಸಿ ಸರಿಪಡಿಸಬಹುದು, ನಾನೂ ಸೇರಿಸುತ್ತೇನೆ. ಆದರೆ ಹೆಚ್ಚಾದರೆ ಆ ಹುಳಿ ವೈನಿನೊಳಗೆ ಬೆರೆಯದೆ ಮೇಲೆಯೇ ನಿಲ್ಲುತ್ತದೆ. ನಂದಿ ಬೆಟ್ಟದ ಸುತ್ತಿನ ಸುಮಾರು 900 ಮೀಟರ್ ಎತ್ತರದ ತೋಟಗಳಿಗೆ ರಾತ್ರಿಯ ತಂಪು ಇರುವುದರಿಂದ ಸ್ವಲ್ಪ ಹೆಚ್ಚು ಅವಕಾಶವಿದೆ. ಬಯಲುಸೀಮೆಯಲ್ಲಿ ಇಡೀ ಆಟ ನಾಲ್ಕೈದು ದಿನಗಳದ್ದು, ಅದೂ ಒಂದೊಂದು ಸಾಲಿಗೆ ಬೇರೆ ಬೇರೆ. ಮನೆಯವರೇ ದಿನಾ ಬೆಳಗ್ಗೆ ಸಾಲು ಸುತ್ತಿ ಬಾಯಲ್ಲಿ ಹದ ನೋಡುವ ತೋಟದಲ್ಲಿ ಮಾತ್ರ ಈ ಲೆಕ್ಕ ಕೂಡುತ್ತದೆ.

ಬೀಜ ಬೇಗ ಬಲಿಯಬೇಕಾದರೆ ಬಳ್ಳಿಯ ಹೊರೆ ಕಡಿಮೆಯಿರಬೇಕು. ತಿನ್ನುವ ದ್ರಾಕ್ಷಿಯಲ್ಲಿ ಎಕರೆಗೆ ಹತ್ತು ಹನ್ನೆರಡು ಟನ್ ತೆಗೆಯುವ ಕೈಗಳಿಗೆ, ಒಳ್ಳೆಯ ಕೆಂಪು ವೈನಿಗೆ ಮೂರು ನಾಲ್ಕು ಟನ್ ಸಾಕು ಎಂದರೆ ನಂಬಿಕೆ ಬರುವುದಿಲ್ಲ. ಕಾಯಿ ಬಣ್ಣ ತಿರುಗುವ ಹೊತ್ತಿಗೆ ಹಿಂದೆ ಉಳಿದ ಗೊಂಚಲುಗಳನ್ನು ಕತ್ತರಿಸಿ ಸಾಲಿನಲ್ಲೇ ಬೀಳಿಸುತ್ತೇವೆ. ಒಂದು ಮನೆಯ ಹಿರಿಯರು ಬದುವಿನ ಮೇಲೆ ನಿಂತು, "ಅಲ್ಲಪ್ಪ, ಬೆಳೆದದ್ದನ್ನು ನೆಲಕ್ಕೆ ಹಾಕುವುದಕ್ಕೆ ನಿಮಗೆ ಸಂಬಳ ಬೇರೆ ಕೊಡಬೇಕೇ?" ಎಂದು ಕೇಳಿದ್ದರು. ಅವರ ಮಗ ತಲೆ ತಗ್ಗಿಸಿ ಕತ್ತರಿಸುತ್ತಲೇ ಇದ್ದ. ಈ ಜಗಳವನ್ನು ಮನೆಯೊಳಗೆ ಮೊದಲೇ ಮುಗಿಸಿಕೊಳ್ಳದ ಕುಟುಂಬ ವೈನಿಗೆ ಕೈ ಹಾಕದಿರುವುದು ಲೇಸು.

ಕೊಯ್ದ ಮೇಲಿನ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಸುಕಿನಲ್ಲಿ ತಲೆದೀಪ ಕಟ್ಟಿಕೊಂಡು ಕೊಯ್ದು, ಹಣ್ಣು ತಂಪಾಗಿರುವಾಗಲೇ ತೊಟ್ಟು ಬಿಡಿಸಿ, ಪ್ರತಿ ಸಾಲಿನದನ್ನು ಬೇರೆ ಬೇರೆ ಸಣ್ಣ ತೊಟ್ಟಿಗಳಲ್ಲಿ ಹುದುಗಲು ಬಿಡುತ್ತೇವೆ. ಸಿಪ್ಪೆಗಳೆಲ್ಲ ಮೇಲೆದ್ದು ದಪ್ಪ ಪದರವಾಗುತ್ತವೆ. ದಿನಕ್ಕೆ ಎರಡು ಮೂರು ಸಲ ಅದನ್ನು ಒತ್ತಿ ರಸದಲ್ಲಿ ಮುಳುಗಿಸಬೇಕು. ಬಣ್ಣ ಇಳಿಯುವುದು ಅಲ್ಲಿಂದಲೇ. ಎಚ್ಚರಿಕೆ ಒಂದಿದೆ: ಹುದುಗುವಾಗ ಹೊರಡುವ ಇಂಗಾಲದ ಡೈಆಕ್ಸೈಡ್ ತಗ್ಗಿನಲ್ಲಿ ನಿಲ್ಲುತ್ತದೆ. ಖಾಲಿ ಮಾಡಿದ ತೊಟ್ಟಿಗೆ ಅಳತೆಯ ಉಪಕರಣದಲ್ಲಿ ಗಾಳಿ ಪರೀಕ್ಷಿಸದೆ ಯಾರನ್ನೂ ಇಳಿಸಬೇಡಿ.

ಹಣದ ಲೆಕ್ಕ ಮಾತ್ರ ಕಠಿಣ. ಒಂದು ಟನ್ ಹಣ್ಣಿಗೆ ಸುಮಾರು 650 ಲೀಟರ್ ವೈನ್, ಎಂದರೆ ಎಂಟುನೂರಕ್ಕೂ ಹೆಚ್ಚು ಬಾಟಲಿ. ನಾಲ್ಕು ಎಕರೆಯಿಂದ ವರ್ಷಕ್ಕೆ ಹತ್ತು ಸಾವಿರ ಬಾಟಲಿ. ಕೇಳಲು ಚೆನ್ನಾಗಿದೆ. ಆದರೆ ನೆಟ್ಟ ಬಳ್ಳಿ ಸರಿಯಾದ ಬೆಳೆ ಕೊಡಲು ಮೂರನೆಯ ವರ್ಷವಾಗಬೇಕು, ನಂತರ 225 ಲೀಟರಿನ ಓಕ್ ಪೀಪಾಯಿಯಲ್ಲಿ ಒಂದು ವರ್ಷ, ಆಮೇಲೆ ಬಾಟಲಿಯಲ್ಲಿ ಕೆಲವು ತಿಂಗಳು. ಅಲ್ಲಿಯವರೆಗೆ ಖರ್ಚು ಮಾತ್ರ. ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ಕೃಸ್ಮಾ ಎಸ್ಟೇಟ್ ಸ್ವಂತ ತೋಟದ ಹಣ್ಣಿನಿಂದ ಏನು ಮಾಡಬಹುದು ಎಂಬುದನ್ನು ತೋರಿಸಿಕೊಟ್ಟಿದೆ. ಅದನ್ನು ಮಾದರಿ ಎನ್ನುವವರಿಗೆ ನಾನು ನೆನಪಿಸುವುದು, ಆ ಕುಟುಂಬಕ್ಕೆ ಔಷಧ ತಯಾರಿಕೆಯ ದೊಡ್ಡ ಉದ್ಯಮದ ಬೆಂಬಲವಿತ್ತು. ರೈತ ಕುಟುಂಬಕ್ಕೆ ಬ್ಯಾಂಕಿನ ಕಂತು ಕಾಯುವುದಿಲ್ಲ.

ಆದ್ದರಿಂದ ಕೇಳುವವರಿಗೆ ನಾನು ಹೇಳುವ ದಾರಿ ಹೀಗಿದೆ. ಈಗಿರುವ ಬೆಂಗಳೂರು ಬ್ಲೂ ತಳಿಯ ದ್ರಾಕ್ಷಿ ಬಳ್ಳಿಗಳನ್ನು ಕೀಳಬೇಡಿ, ಅದರ ಗಾಢ ವಾಸನೆ ಉತ್ತಮ ವೈನಿಗೆ ಒಗ್ಗದಿದ್ದರೂ ಮನೆ ನಡೆಯುವುದು ಅದರಿಂದಲೇ. ಪಕ್ಕದಲ್ಲಿ ಒಂದು ಎಕರೆ ಶಿರಾಜ್ ಎಂಬ ಕೆಂಪು ವೈನಿನ ತಳಿ ನೆಡಿ. ಮೊದಲ ಎರಡು ಬೆಳೆಯನ್ನು ವೈನರಿಗೆ ಮಾರಿ, ಆದರೆ ಪ್ರತಿ ಸಾಲಿನ ಬ್ರಿಕ್ಸ್, ಪಿಎಚ್, ಬೀಜದ ಬಣ್ಣವನ್ನು ದಿನಾಂಕ ಸಮೇತ ಪುಸ್ತಕದಲ್ಲಿ ಬರೆದಿಡಿ. ಅಬಕಾರಿ ಇಲಾಖೆಯ ಪರವಾನಗಿಗೆ ಅರ್ಜಿ ಹಾಕುವ ಮುನ್ನ ಆ ಪುಸ್ತಕವನ್ನು ತೆಗೆದುಕೊಂಡು ಬನ್ನಿ, ಟ್ಯಾಂಕಿನ ಅಳತೆಯ ಮಾತನ್ನು ಆಗ ಆಡೋಣ.