ನೆಟ್‌ವರ್ಕ್ ಬದಲಾದಾಗಲೆಲ್ಲ ಎಸ್‌ಎಸ್‌ಎಚ್ ಸರ್ವರನ್ನು ರೀಸ್ಟಾರ್ಟ್ ಮಾಡಬೇಕೇ?

ಪ್ರಶ್ನೆ: ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಬೇರೆ ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ (ದೂರದ ಯಂತ್ರವನ್ನು ಸುರಕ್ಷಿತವಾಗಿ ಬಳಸುವ ವಿಧಾನ) ಮೂಲಕ ಲಾಗಿನ್ ಆಗುತ್ತೇನೆ. ಲ್ಯಾಪ್‌ಟಾಪ್ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟಿಗೆ ಬಂದ ಕೂಡಲೇ ಎಲ್ಲವೂ ನಿಂತುಹೋಗುತ್ತದೆ. ಎಸ್‌ಎಸ್‌ಎಚ್ ಸರ್ವರ್ ಪ್ರೋಗ್ರಾಮಾದ ಎಸ್‌ಎಸ್‌ಎಚ್‌ಡಿಯನ್ನು ತಾನಾಗಿ ರೀಸ್ಟಾರ್ಟ್ ಮಾಡುವ ಸ್ಕ್ರಿಪ್ಟ್ ಬರೆಯಲೇ?

ಉತ್ತರ: ಬರೆಯಬೇಡಿ. ಎಷ್ಟು ಸಲ ಹೇಳಿದರೂ ಈ ರೀಸ್ಟಾರ್ಟ್ ಮಂತ್ರ ಓದುಗರ ಬಾಯಿಂದ ಹೋಗುತ್ತಿಲ್ಲವಾದ್ದರಿಂದ ಮೊದಲು ಅದನ್ನೇ ವಿಚಾರಿಸೋಣ.

ಎಸ್‌ಎಸ್‌ಎಚ್‌ಡಿಯ ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲಿ, ಯಾವ ವಿಳಾಸದಲ್ಲಿ ಕಾಯಬೇಕೆಂದು ಹೇಳುವ ‘ಲಿಸನ್‌ಅಡ್ರೆಸ್’ ಸಾಲನ್ನು ನೀವಾಗಿ ಸೇರಿಸದಿದ್ದರೆ, ಎಸ್‌ಎಸ್‌ಎಚ್‌ಡಿ ಯಾವುದೋ ಒಂದು ಐಪಿ ವಿಳಾಸಕ್ಕೆ ಅಂಟಿಕೊಳ್ಳದೆ, ಯಂತ್ರಕ್ಕೆ ಈಗಿರುವ ಮತ್ತು ಮುಂದೆ ಸಿಗುವ ಎಲ್ಲ ವಿಳಾಸಗಳಿಗೂ 22ನೇ ಪೋರ್ಟಿನಲ್ಲಿ (ಸಂಪರ್ಕದ ಬಾಗಿಲಿನ ಸಂಖ್ಯೆ) ಕಾದಿರುತ್ತದೆ. ನಂಬಿಕೆ ಬಾರದಿದ್ದರೆ ನೆಟ್‌ವರ್ಕ್ ಬದಲಿಸುವ ಮೊದಲೂ ಬದಲಿಸಿದ ಮೇಲೂ ಟರ್ಮಿನಲ್ಲಿನಲ್ಲಿ ‘ಎಸ್‌ಎಸ್ -ಟಿಎಲ್‌ಎನ್’ (ss -tln) ಎಂದು ಕೊಟ್ಟು ನೋಡಿ, 0.0.0.0:22 ಅಥವಾ *:22 (ಎಲ್ಲ ವಿಳಾಸಗಳೂ ಎಂದರ್ಥ) ಎಂಬ ಸಾಲು ಎರಡು ಸಲವೂ ಹಾಗೆಯೇ ಇರುತ್ತದೆ. ‘ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತಲ್ಲ’ ಎನ್ನುವವರು, ಅದರ ಜೊತೆಗೇ ಹೊಸ ನೆಟ್‌ವರ್ಕ್ ಲ್ಯಾಪ್‌ಟಾಪಿಗೆ ಕೊಟ್ಟ ಹೊಸ ಐಪಿಯನ್ನು ನೋಡಿಕೊಂಡು ಅದಕ್ಕೇ ಲಾಗಿನ್ ಆಗಿರುತ್ತಾರೆ. ಕೆಲಸ ಮಾಡಿದ್ದು ಹೊಸ ಐಪಿ, ಹೆಸರು ಬಂದದ್ದು ರೀಸ್ಟಾರ್ಟಿಗೆ. ಕಡಿದುಹೋದ ಹಳೆಯ ಸೆಷನ್ನಂತೂ ಇದರಿಂದ ಮರಳುವುದಿಲ್ಲ, ಏಕೆಂದರೆ ಎಸ್‌ಎಸ್‌ಎಚ್ ಬಳಸುವ ಟಿಸಿಪಿ ಸಂಪರ್ಕವನ್ನು ಗುರುತಿಸುವುದೇ ಎರಡೂ ತುದಿಗಳ ವಿಳಾಸ ಮತ್ತು ಪೋರ್ಟುಗಳಿಂದ. ಯಾರದೋ ಸಲಹೆ ಕೇಳಿ ಲಿಸನ್‌ಅಡ್ರೆಸ್‌ನಲ್ಲಿ 192.168.1.5 ಎಂದು ಬರೆದಿಟ್ಟವರಿಗೆ ಮಾತ್ರ ತೊಂದರೆ ನಿಜ. ಅವರು ಆ ಸಾಲನ್ನು ಅಳಿಸಿ ಒಂದೇ ಒಂದು ಸಲ ರೀಸ್ಟಾರ್ಟ್ ಮಾಡಿದರೆ ಸಾಕು.

ಹಾಗಾದರೆ ಬೇಕಾದದ್ದು ಬದಲಾಗದ ಗುರುತು. ಎರಡೂ ಯಂತ್ರಗಳು ಒಂದೇ ವೈಫೈನಲ್ಲಿದ್ದರೆ, ಯಂತ್ರಗಳನ್ನು ಹೆಸರಿನಿಂದ ಹುಡುಕಿಕೊಡುವ ಅವಾಹಿ ಎಂಬ ತಂತ್ರಾಂಶ ಹಾಕಿಕೊಂಡು, ಐಪಿಯ ಬದಲು ಲ್ಯಾಪ್‌ಟಾಪಿನ ಹೆಸರಿನ ಕೊನೆಗೆ ‘.ಲೋಕಲ್’ (.local) ಸೇರಿಸಿ ಬಳಸಿ. ಮೊಬೈಲ್ ಜಾಲದಲ್ಲಿ ಸಾಮಾನ್ಯವಾಗಿ ಹೊರಗಿನಿಂದ ನೇರ ಪ್ರವೇಶವಿರುವುದಿಲ್ಲವಾದ್ದರಿಂದ, ಸಾರ್ವಜನಿಕ ಐಪಿ ಇರುವ ಒಂದು ಸರ್ವರಿನ ಮೂಲಕ ವೈರ್‌ಗಾರ್ಡ್ ಎಂಬ ವಿಪಿಎನ್ (ಯಂತ್ರಗಳ ನಡುವಿನ ಖಾಸಗಿ ಜಾಲ) ಹಾಕಿಕೊಳ್ಳುವುದು ಲೇಸು. 2020ರಲ್ಲಿ ಬಂದ 5.6ನೇ ಆವೃತ್ತಿಯಿಂದ ಅದು ಲಿನಕ್ಸ್ ಕರ್ನಲ್ಲಿನಲ್ಲೇ ಇದೆ. ಹೊರಗಿನ ಐಪಿ ಎಷ್ಟು ಬದಲಾದರೂ ವೈರ್‌ಗಾರ್ಡ್ ಒಳಗಿನ ವಿಳಾಸ ಹಾಗೆಯೇ ಇರುವುದರಿಂದ ತೆರೆದ ಸೆಷನ್ ಕೂಡ ಉಳಿದುಕೊಳ್ಳುತ್ತದೆ. ಲ್ಯಾಪ್‌ಟಾಪಿನ ಕಡೆ ಸಂಪರ್ಕವನ್ನು ಜೀವಂತವಾಗಿಡುವ ‘ಪರ್ಸಿಸ್ಟೆಂಟ್‌ಕೀಪ್‌ಅಲೈವ್’ ಅನ್ನು 25 ಸೆಕೆಂಡಿಗೆ ಇಡಲು ಮರೆಯಬೇಡಿ.

ಇನ್ನು, ಯಾರೂ ಕೇಳದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ನೆಟ್‌ವರ್ಕ್ ಬದಲಾದಾಗ ‘ಹೋಸ್ಟ್ ಗುರುತು ಬದಲಾಗಿದೆ’ ಎಂಬ ದೊಡ್ಡ ಎಚ್ಚರಿಕೆ ಕಂಡು ಪರಿಚಿತ ಯಂತ್ರಗಳ ಗುರುತಿನ ಕೀಗಳನ್ನಿಡುವ ‘ನೋನ್ ಹೋಸ್ಟ್ಸ್’ ಫೈಲನ್ನೇ ಅಳಿಸುವವರಿದ್ದಾರೆ. ಹಿಂದೆ ನಿಮ್ಮ ಲ್ಯಾಪ್‌ಟಾಪಿಗಿದ್ದ 192.168.1.5 ಈಗ ಇನ್ನೊಂದು ಯಂತ್ರದ ಪಾಲಾಗಿದ್ದರೆ ಆ ಎಚ್ಚರಿಕೆ ನಿಜವನ್ನೇ ಹೇಳುತ್ತಿದೆ. ಕ್ಲೈಂಟಿನ (ನೀವು ಲಾಗಿನ್ ಆಗುವ ಕಡೆಯ ಕಂಪ್ಯೂಟರಿನ) ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಲ್ಯಾಪ್‌ಟಾಪಿಗೆ ‘ಹೋಸ್ಟ್‌ಕೀಅಲಿಯಾಸ್’ ಎಂದು ಒಂದು ಸ್ಥಿರ ಹೆಸರು ಕೊಟ್ಟರೆ, ಕೀಯನ್ನು ಐಪಿಯಿಂದಲ್ಲ, ಆ ಹೆಸರಿನಿಂದ ಹುಡುಕಿ ತಾಳೆ ನೋಡಲಾಗುತ್ತದೆ.